ನೈಲ್ ನದಿಗೆ ಹೊರಟ ತಂಬಿಟ್ಟು

ಕೋಡಿಹಳ್ಳಿಯಲ್ಲಿ ಬಾಡಿಗೆಗಿರುವವನಿಗೆ ಇಂಗ್ಲಿಷ್ ಓದಲು ಬರಬಾರದು. ಬಂದರೂ ಅದನ್ನು ಮನೆ ಮಾಲೀಕರ ಎದುರು ತೋರಿಸಿಕೊಳ್ಳಬಾರದು. ನಾನು ರಾಯಚೂರು ಕಡೆಯಿಂದ ಬಂದ ಹೊಸದರಲ್ಲಿ, ಮಿಕ್ಸಿಯ ಡಬ್ಬದ ಮೇಲೆ ಏನು ಬರೆದಿದೆ ಎಂದು ಮಾಲೀಕರು ಕೇಳಿದಾಗ ಹುಮ್ಮಸ್ಸಿನಿಂದ ಗಟ್ಟಿಯಾಗಿ ಓದಿ ಹೇಳಿಬಿಟ್ಟೆ. ಅಂದಿಗೆ ನನ್ನ ಕಥೆ ಮುಗಿಯಿತು. ಆಮೇಲೆ ಮಾತ್ರೆಯ ಪಟ್ಟಿ, ಟೀವಿಯ ವಾರಂಟಿ ಕಾರ್ಡು, ಮೊಮ್ಮಗಳ ಕಾನ್ವೆಂಟಿನ ಡೈರಿ, ಯಾವುದೇ ಬರಲಿ, ಮಹಡಿಯ ಮೆಟ್ಟಿಲ ಕೆಳಗಿನಿಂದ "ಹಂಪಣ್ಣೋರೆ" ಎಂಬ ಕೂಗು ಏಳುತ್ತಿತ್ತು. ನಾನು ಜೀವನ್ ಬಿಮಾ ನಗರದ ಒಂದು ಆಫೀಸಿನಲ್ಲಿ ಗುಮಾಸ್ತ. ಹಗಲೆಲ್ಲ ಅಲ್ಲಿ ಓದಿ ಸಂಬಳ ತೆಗೆದುಕೊಳ್ಳುತ್ತಿದ್ದೆ, ಸಂಜೆ ಇಲ್ಲಿ ಓದಿ ಬಾಡಿಗೆ ಕೊಡುತ್ತಿದ್ದೆ.

ಮಾಲೀಕರು ಎಂದರೆ ಮುನಿಆಂಜನಪ್ಪನವರು. ಇಂದಿರಾನಗರದಲ್ಲಿ ಇವತ್ತು ಯಾವ ಜಾಗದಲ್ಲಿ ಪಿಜ್ಜಾ ಮಾರುತ್ತಾರೋ ಅಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಹೊಲ ಹೋಗಿ ಲೇಔಟಾದ ಮೇಲೆ ಇವರಿಗೆ ಉಳಿದದ್ದು ಮೂರು ಬಾಡಿಗೆ ಕಟ್ಟಡ ಮತ್ತು ಒಂದು ಹಸು. ಹಸುವಿನಿಂದ ಏನೂ ಲಾಭವಿರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಬೈಯುವುದಕ್ಕೆ ಮನೆಯಲ್ಲಿ ಒಂದು ಜೀವ ಬೇಕು, ಹೆಂಡತಿಯನ್ನು ಬೈಯುವ ಧೈರ್ಯ ತಮಗಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು.

ಗಲಾಟೆ ಶುರುವಾದದ್ದು ಅವರ ಚಿಕ್ಕಪ್ಪನ ಮಗ ಶ್ರೀನಾಥನಿಂದ. ವಿಮಾನ ನಿಲ್ದಾಣ ಇನ್ನೂ ದೇವನಹಳ್ಳಿಗೆ ಹೋಗದೆ ನಮ್ಮ ಪಕ್ಕದಲ್ಲೇ ಇದ್ದ ಕಾಲ ಅದು. ಮಹಡಿಯ ಮೇಲೆ ಒಣಹಾಕಿದ ಸೀರೆ ವಿಮಾನದ ಗಾಳಿಗೆ ಹಾರುತ್ತದೆ ಎಂದು ನಂಬುವಷ್ಟು ಪಕ್ಕದಲ್ಲಿ. ಶ್ರೀನಾಥ ಅಲ್ಲಿಂದ ಹಾರಿ ಸಿಂಗಾಪುರಕ್ಕೆ ಹೋಗಿ ಬಂದ. ಬಂದವನು ಸುಮ್ಮನಿರದೆ ಊರಿಗೆಲ್ಲ ಸಿಂಹದ ತಲೆ, ಮೀನಿನ ಬಾಲ ಇರುವ ಕೀಚೈನು ಹಂಚಿದ. ನನಗೂ ಒಂದು ಸಿಕ್ಕಿತು. ನನ್ನ ಹತ್ತಿರ ಇದ್ದದ್ದು ಒಂದೇ ಕೀಲಿಕೈ, ಅದು ಕೀಚೈನಿಗಿಂತ ಹಗುರವಾಗಿತ್ತು.

ಹಂಚುತ್ತಾ ಶ್ರೀನಾಥ ಮುನಿಆಂಜನಪ್ಪನವರ ಭುಜ ತಟ್ಟಿ, "ನೀನೂ ಒಂದ್ಸಲ ಹೊರಗಡೆ ನೋಡ್ಬೇಕಣ್ಣ" ಎಂದ. ಹೇಳಿದ್ದು ಪ್ರೀತಿಯಿಂದಲೇ ಇರಬಹುದು. ಆದರೆ ಅಣ್ಣನ ಭುಜವನ್ನು ತಮ್ಮ ತಟ್ಟುವುದು ಕೋಡಿಹಳ್ಳಿಯಲ್ಲಿ ನಡೆಯುವಂಥದ್ದಲ್ಲ. ಮುನಿಆಂಜನಪ್ಪನವರು ಎರಡು ದಿನ ಆ ಭುಜವನ್ನು ನೀವಿಕೊಳ್ಳುತ್ತಾ ಓಡಾಡಿದರು. ಮೂರನೆಯ ದಿನ ಮೆಟ್ಟಿಲ ಕೆಳಗಿನಿಂದ ಕೂಗು ಬಂತು. ಸಿಂಗಾಪುರಕ್ಕಿಂತ ದೂರ ಯಾವ ಊರಿದೆ ಎಂದು ಅವರು ಕೇಳಿದರು.

ಬರೀ ಜಂಬವಾಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಅವರ ಹೆಂಡತಿ ಆಂಜನಮ್ಮನವರ ವಿಷಯವೂ ಇದರಲ್ಲಿತ್ತು. ಆಕೆ ತಿರುಪತಿ, ಧರ್ಮಸ್ಥಳ, ಮೇಲ್ಮರುವತ್ತೂರು, ಕಾಶಿ ಎಲ್ಲ ನೋಡಿದವರು. ನೋಡಿದ್ದು ಹೇಗೆಂದರೆ, ಊರಿನವರು ಬಸ್ಸು ಮಾಡಿಕೊಂಡು ಹೋಗುವಾಗ ಅಕ್ಕಿ ಮೂಟೆ, ಗ್ಯಾಸ್ ಒಲೆ, ದೊಡ್ಡ ತಪ್ಪಲೆಗಳ ಜೊತೆಗೆ ಆಂಜನಮ್ಮನವರನ್ನೂ ಹತ್ತಿಸುತ್ತಿದ್ದರು. ಅವರ ಕೈಯ ಸಾರು ಅಷ್ಟು ಚೆನ್ನ. ಉಳಿದವರು ದೇವರ ಹತ್ತಿರ ಹೋಗಿ ಬರುವಷ್ಟರಲ್ಲಿ ಅವರು ಮರದ ಕೆಳಗೆ ಒಲೆ ಹೂಡಿ ಇಡೀ ಬಸ್ಸಿಗೆ ಅಡುಗೆ ಮಾಡಿ ಮುಗಿಸಿರುತ್ತಿದ್ದರು. ಕಾಶಿಯಲ್ಲಿ ಗಂಗೆ ನೋಡಿದಿರಾ ಎಂದು ನನ್ನ ಹೆಂಡತಿ ಭೀಮಬಾಯಿ ಒಮ್ಮೆ ಕೇಳಿದ್ದಕ್ಕೆ, "ನೋಡ್ದೆ ಕಣಮ್ಮ, ಪಾತ್ರೆ ತೊಳೀವಾಗ" ಎಂದಿದ್ದರು. ಆ ಮಾತು ಒಳಗಿದ್ದ ಮುನಿಆಂಜನಪ್ಪನವರ ಕಿವಿಗೆ ಬಿದ್ದು, ಅಲ್ಲೇ ಕೂತುಬಿಟ್ಟಿತ್ತು. ಸೌಟು ಹಿಡಿಯದ ಒಂದು ಪ್ರಯಾಣ ಮಾಡಿಸುತ್ತೇನೆ ಎಂದು ಅವರು ಹೆಂಡತಿಗೆ ಮಾತು ಕೊಟ್ಟಿದ್ದರು.

ಗಂಡ, ಹೆಂಡತಿ, ಇಂಗ್ಲಿಷ್ ಓದಲು ನಾನು, ಮೂವರೂ ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಜಹನಾರಾ ಎಂಬ ಹುಡುಗಿಯ ಟ್ರಾವೆಲ್ಸ್ ಅಂಗಡಿ ಇತ್ತು. ಅವಳ ತಂದೆಗೂ ಇವರಿಗೂ ಮಾರ್ಕೆಟ್ಟಿಗೆ ಸೊಪ್ಪು ಹಾಕುತ್ತಿದ್ದ ಕಾಲದ ಪರಿಚಯ. ಅವಳಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಉಮ್ರಾ ಯಾತ್ರೆಗೆ ಹೊರಟವರು, ಇಲ್ಲವೇ ಗಲ್ಫಿನ ಕೆಲಸಕ್ಕೆ ಹೊರಟವರು. ಸುಮ್ಮನೆ ದೂರ ಹೋಗಬೇಕು ಎಂದು ಬಂದ ಗಿರಾಕಿ ಇವರೇ ಮೊದಲಂತೆ. ಅವಳು ಹುಡುಕಿ ಹುಡುಕಿ ಒಂದು ಬಣ್ಣದ ಪುಸ್ತಕ ತೆಗೆದಳು. ಈಜಿಪ್ಟ್ ದೇಶ, ನೈಲ್ ನದಿ, ಅದರ ಮೇಲೆ ಮಹಡಿ ಮಹಡಿಯಾಗಿ ಕಟ್ಟಿದ ಬಿಳಿಯ ಹಡಗು, ದಡದುದ್ದಕ್ಕೂ ದೊಡ್ಡ ದೊಡ್ಡ ಕಂಬಗಳ ಪುರಾತನ ದೇವಸ್ಥಾನಗಳು.

"ಹಡಗಲ್ಲೇ ರೂಮು ಆಂಟಿ. ದಡಕ್ಕೆ ನಿಲ್ಲಿಸ್ತಾರೆ, ಇಳಿದು ದೇವಸ್ಥಾನ ನೋಡ್ಕೊಂಡು ಬರ್ತೀರ. ಮತ್ತೆ ಹತ್ತಿದ್ರೆ ಮುಂದಿನ ದೇವಸ್ಥಾನ" ಎಂದು ಜಹನಾರಾ ವಿವರಿಸಿದಳು.

ಆಂಜನಮ್ಮನವರು ಚಿತ್ರಗಳನ್ನು ನೋಡಲೇ ಇಲ್ಲ. "ಅಡುಗೆ ಯಾರು ಮಾಡೋದಮ್ಮ?" ಎಂದರು.

"ಹಡಗೋರೇ ಮಾಡ್ತಾರೆ ಆಂಟಿ. ನೀವು ಎದ್ದು ಬರ್ದೇ ಇದ್ರೆ ಇದ್ದಲ್ಲಿಗೇ ತಂದ್ಕೊಡ್ತಾರೆ."

ಆಕೆಯ ಮುಖದಲ್ಲಿ ಆಗ ಬಂದ ನಗುವನ್ನು ನಾನು ನೋಡಿದೆ. ಅಲ್ಲಿಗೇ ಎದ್ದು ಬಂದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ದೇವಸ್ಥಾನ ಎಂದ ಮೇಲೆ ಕೇಳದೆ ಬಿಡುವುದು ಹೇಗೆ ಎಂದು ಮುನಿಆಂಜನಪ್ಪನವರು, ಅಲ್ಲಿ ಹಣ್ಣುಕಾಯಿ ಮಾಡಿಸಬಹುದೇ ಎಂದು ವಿಚಾರಿಸಿದರು.

"ಅಲ್ಲಿ ಪೂಜೆ ಎಲ್ಲಾ ಇಲ್ಲ ಅಂಕಲ್. ಪೂಜೆ ನಿಂತ್ಹೋಗಿ ಸಾವಿರದೈನೂರು ವರ್ಷ ಆಯ್ತು. ಸುಮ್ನೆ ನೋಡ್ಕೊಂಡು ಬರೋದು."

ಈ ಸಂಖ್ಯೆ ಮುನಿಆಂಜನಪ್ಪನವರಿಗೆ ಬಹಳ ಹಿಡಿಸಿತು. ಶ್ರೀನಾಥನ ಸಿಂಗಾಪುರದಲ್ಲಿ ಸಾವಿರದೈನೂರು ವರ್ಷದ್ದು ಏನಿದೆ? ಮರುದಿನ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಿಂತು ಬಂದವರಿಗೆಲ್ಲ ಹೇಳಿದರು. ತಾವು ಹೋಗುತ್ತಿರುವ ಜಾಗ ಎಷ್ಟು ಹಳೆಯದೆಂದರೆ ಅಲ್ಲಿ ಪೂಜೆ ನಿಂತೇ ಸಾವಿರದೈನೂರು ವರ್ಷವಾಗಿದೆ. ಸಾಯಂಕಾಲದ ಹೊತ್ತಿಗೆ ಈ ಸುದ್ದಿ ಅಕ್ಕಯಮ್ಮನವರಿಗೆ ತಲುಪಿತು.

ಅಕ್ಕಯಮ್ಮ ಮುನಿಆಂಜನಪ್ಪನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಮ್ಮನನ್ನು ಎತ್ತಿ ಬೆಳೆಸಿದವರು. ಪಕ್ಕದ ಹಳೇ ಮನೆಯಲ್ಲಿ ಒಬ್ಬರೇ ಇದ್ದರೂ ಊರಿನ ಅರ್ಧ ಆಡಳಿತ ಅವರದೇ. ಊರಮ್ಮನಿಗೆ ವರ್ಷಕ್ಕೊಮ್ಮೆ ಎತ್ತುವ ತಂಬಿಟ್ಟಿನ ಆರತಿಯಲ್ಲಿ ಮೊದಲ ಆರತಿ ಅವರದು. ಈ ಕಡೆಯವರ ತಂಬಿಟ್ಟು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಕ್ಕಿ ಹಿಟ್ಟಿಗೆ ಬೆಲ್ಲ ಕಲಸಿ, ಕುಟ್ಟಿ, ಗಟ್ಟಿಯಾದ ದೊಡ್ಡ ಉಂಡೆ ಮಾಡಿ, ಅದರ ನೆತ್ತಿಯಲ್ಲಿ ಕುಳಿ ತೋಡಿ, ತುಪ್ಪ ಹಾಕಿ ಬತ್ತಿ ಹಚ್ಚುತ್ತಾರೆ. ಹೆಂಗಸರು ಅದನ್ನು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ದೇವಿಗೆ ಬೆಳಗುತ್ತಾರೆ. ಆರತಿಯಾದ ಮೇಲೆ ಅದೇ ಪ್ರಸಾದ.

ಪೂಜೆ ನಿಂತ ದೇವರೆಂದರೆ ಏನು ಎನ್ನುವುದು ಅಕ್ಕಯಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಬಾಲ್ಯದಲ್ಲಿ ಮೊದಲ ಆರತಿ ಯಾರದು ಎಂದು ದಾಯಾದಿಗಳು ಜಗಳವಾಡಿ ಒಂದು ವರ್ಷ ಊರಮ್ಮನಿಗೆ ಆರತಿಯೇ ಎತ್ತಲಿಲ್ಲವಂತೆ. ಆ ವರ್ಷ ಬಾವಿ ಬತ್ತಿತು, ಎಮ್ಮೆಗಳು ಸತ್ತವು, ಅವರ ಹೊಲಕ್ಕೆ ಸರ್ಕಾರದವರು ಬಂದು ಕಲ್ಲು ನೆಟ್ಟರು. ಒಂದು ವರ್ಷಕ್ಕೆ ಇಷ್ಟಾದರೆ ಸಾವಿರದೈನೂರು ವರ್ಷಕ್ಕೆ ಏನಾಗಬೇಡ?

ನನಗೆ ಕರೆ ಬಂತು. ಅಕ್ಕಯಮ್ಮ ಜಗಲಿಯ ಮೇಲೆ ಕೂತಿದ್ದರು. ಬಣ್ಣದ ಪುಸ್ತಕ ಎದುರಿಗಿತ್ತು. ಮುನಿಆಂಜನಪ್ಪನವರು ತಲೆ ತಗ್ಗಿಸಿ ನಿಂತಿದ್ದರು.

"ಅಪ್ಪಾ ಹಂಪಣ್ಣ, ನೀನು ಓದಿರೋನು. ಆ ದೇಶದಲ್ಲಿ ಮಳೆ ಬೆಳೆ ಹೆಂಗೆ?"

ಇರುವುದನ್ನು ಹೇಳಿದೆ. ಅಲ್ಲಿ ಮಳೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

"ನದಿ ಬಿಟ್ಟು ಆಚೆ ಏನೈತೆ?"

"ಮರಳುಗಾಡು ರೀ."

ಅಕ್ಕಯಮ್ಮ ತಮ್ಮನ ಕಡೆ ತಿರುಗಿ, ಇನ್ನೇನು ಸಾಕ್ಷಿ ಬೇಕು ಎನ್ನುವಂತೆ ನೋಡಿದರು. ಭೂಗೋಳದಲ್ಲಿ ಇಂಥ ಪಾಠ ನಾನು ಓದಿರಲಿಲ್ಲ.

ಆಮೇಲೆ ಪುಸ್ತಕದ ದೇವರುಗಳನ್ನು ಗುರುತಿಸುವ ಕೆಲಸ ನಡೆಯಿತು. ಗಿಡುಗನ ತಲೆಯವನು ಗರುಡ, ಅದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹಸುವಿನ ಕೊಂಬಿನ ದೇವಿ ಕಾಮಧೇನು. ಮೊಸಳೆ ಮುಖದವನು ಗಂಗಮ್ಮನ ಕಡೆಯವನು. ನಾಯಿ ಮುಖದ ಒಬ್ಬ ಕರಿಯ ದೇವರ ಮುಂದೆ ಮಾತ್ರ ಅಕ್ಕಯಮ್ಮ ಬಹಳ ಹೊತ್ತು ಯೋಚಿಸಿದರು. ಅದು ನರಿ ಎಂದು ಕೆಳಗೆ ಬರೆದಿತ್ತು. ಅಕ್ಕಯಮ್ಮ ಒಪ್ಪಲಿಲ್ಲ. ಭೈರವನ ಕಾಲ ಬಳಿ ಇರಬೇಕಾದ ನಾಯಿ ಅವನ ಕುತ್ತಿಗೆಯ ಮೇಲೇ ಹತ್ತಿದೆ ಎಂದರೆ ಹಸಿವು ಎಷ್ಟಿರಬೇಕು ಎಂದು ಲೆಕ್ಕ ಹಾಕಿ, ಮೊದಲ ಆರತಿ ಇವನಿಗೇ ಎಂದು ತೀರ್ಪು ಕೊಟ್ಟರು.

ತೀರ್ಪಿನ ಪ್ರಕಾರ ಆಂಜನಮ್ಮನವರು ಹಡಗಿನಲ್ಲಿ ದಿನವೂ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹೊಸದಾಗಿ ತಂಬಿಟ್ಟು ಕುಟ್ಟಿ, ಹಡಗು ನಿಂತ ಪ್ರತಿ ದೇವಸ್ಥಾನಕ್ಕೂ ಹೊತ್ತು, ಸಾವಿರದೈನೂರು ವರ್ಷದಿಂದ ಹಸಿದ ದೇವರುಗಳಿಗೆ ಎಡೆ ಇಡಬೇಕು. ಅಕ್ಕಿ ಹಿಟ್ಟು, ಬೆಲ್ಲ, ತುಪ್ಪ, ಒರಳು, ಸಣ್ಣ ಸ್ಟೌ ಎಲ್ಲ ಊರಿನದೇ. ಮನೆ ಮನೆಯಿಂದ ಸಾಮಾನು ಬಂದು ಮುನಿಆಂಜನಪ್ಪನವರ ನಡುಮನೆ ತುಂಬಿತು. ಹಸುವಿಗೆ ಬೈಯುವುದನ್ನೂ ಅವರು ನಿಲ್ಲಿಸಿದರು.

ಅಂದು ಸಂಜೆ ಆಂಜನಮ್ಮ ನಮ್ಮ ಮಹಡಿಗೆ ಬಂದರು. ಪ್ರಯಾಣಕ್ಕೆಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಂಡಿದ್ದ ಕಪ್ಪು ಕನ್ನಡಕ ಅವರ ಕೈಯಲ್ಲಿತ್ತು. ಅದನ್ನು ಭೀಮಬಾಯಿಗೆ ಕೊಟ್ಟು, ನೀನೇ ಇಟ್ಟುಕೋ, ನನಗೆ ಎಲ್ಲಿ ಹಾಕಿಕೊಳ್ಳುವುದಕ್ಕೆ ಆಗುತ್ತದೆ ಎಂದರು. "ಹಡಗಲ್ಲೂ ಒಲೆ ಹಚ್ಬೇಕಂತೆ ಕಣಮ್ಮ" ಎಂದು ನಕ್ಕರು. ಆ ನಗು ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಭೀಮಬಾಯಿ ಕನ್ನಡಕವನ್ನು ಅವರ ಸೆರಗಿಗೇ ಗಂಟು ಹಾಕಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಓದಿ ಏನು ಬಂತ್ರೀ, ಒಂದು ಸುಳ್ಳು ಹೇಳಾಕ ಬರಂಗಿಲ್ಲ ನಿಮಗ" ಎಂದಳು.

ಕೆಳಗೆ ಹೋದರೆ ಮುನಿಆಂಜನಪ್ಪನವರೂ ಅದನ್ನೇ ಬೇಡುತ್ತಿದ್ದರು. ಅಕ್ಕನಿಗೆ ಎದುರಾಡಿದರೆ ಪಾಪ, ಹೆಂಡತಿಗೆ ಕೊಟ್ಟ ಮಾತು ತಪ್ಪಿದರೆ ಅದೂ ಪಾಪ. ಬಾಡಿಗೆದಾರ ಹೇಳಿದರೆ ಯಾರಿಗೂ ಪಾಪವಿಲ್ಲ. ಹಾಗಾಗಿ ನಾನು ಬಣ್ಣದ ಪುಸ್ತಕದ ಕೊನೆಯ ಪುಟವನ್ನು ಅಕ್ಕಯಮ್ಮನವರ ಮುಂದೆ ಹಿಡಿದು, ಹಡಗಿನಲ್ಲಿ ಒಲೆ ಹಚ್ಚಬಾರದು, ಒರಳಲ್ಲಿ ಕುಟ್ಟಬಾರದು ಎಂದು ಓದಿದೆ. ಒಲೆಯ ಮಾತು ನಿಜವಾಗಿಯೂ ಅಲ್ಲಿತ್ತು. ಒರಳು ನನ್ನ ಸೇರ್ಪಡೆ.

ಅಕ್ಕಯಮ್ಮ ಸ್ವಲ್ಪವೂ ಬೇಸರಪಡಲಿಲ್ಲ. ಹಾಗಾದರೆ ತಂಬಿಟ್ಟನ್ನು ಇಲ್ಲೇ ಕುಟ್ಟಿ ಕಟ್ಟಿಕೊಡುತ್ತೇವೆ, ಬತ್ತಿಯನ್ನೂ ಸಿಕ್ಕಿಸಿಯೇ ಕೊಡುತ್ತೇವೆ, ಅವಳು ಹೊತ್ತು ಹಚ್ಚಿದರೆ ಸಾಕು ಎಂದರು. ಕಾಲಿಗೆ ಸುತ್ತಿದ ಬಳ್ಳಿಯನ್ನು ಬಿಡಿಸಿದರೆ ಅದು ಕೈಗೆ ಸುತ್ತಿಕೊಂಡಂತಾಯಿತು. ಹೆಂಗಸರೆಲ್ಲ ಸೇರಿ ಕುಟ್ಟಿದ ತಂಬಿಟ್ಟುಗಳು ತೆಂಗಿನಕಾಯಿ ಗಾತ್ರ ಇದ್ದವು. ಒಂದೊಂದನ್ನೂ ಬೆಳ್ಳಿ ಬಣ್ಣದ ಫಾಯಿಲಿನಲ್ಲಿ ಸುತ್ತಿ, ನೆತ್ತಿಯಿಂದ ಬತ್ತಿ ಹೊರಗೆ ಕಾಣುವಂತೆ ಬಿಟ್ಟು, ಎರಡು ಸೂಟ್‌ಕೇಸಿಗೆ ತುಂಬಿದರು. ಬಟ್ಟೆಗೆ ಜಾಗ ಉಳಿಯಲಿಲ್ಲ. ದೇವರ ಹತ್ತಿರ ಹೋಗುವಾಗ ಬಟ್ಟೆ ಯಾಕೆ ಎಂದು ಒಬ್ಬರು ಹೇಳಿ, ಮಾತು ಎಲ್ಲಿಗೋ ಹೋಗುತ್ತಿದೆ ಎಂದು ತಾವೇ ಸುಮ್ಮನಾದರು.

ಹೊರಡುವ ದಿನ ಬೆಳಿಗ್ಗೆ ಊರೇ ಕಳಿಸಲು ಹೊರಟಿತು. ಮುಂದೆ ತಮಟೆ, ಅದರ ಹಿಂದೆ ಹೂವಿನ ಹಾರ ಹಾಕಿಸಿಕೊಂಡ ಮುನಿಆಂಜನಪ್ಪ ದಂಪತಿಗಳು, ಹಿಂದೆ ಸೂಟ್‌ಕೇಸು ಹೊತ್ತ ನಾನು. ಶ್ರೀನಾಥನೂ ಬಂದಿದ್ದ. ಸಿಂಗಾಪುರಕ್ಕೆ ಹೋಗುವಾಗ ಅವನನ್ನು ಆಟೋ ಸ್ಟ್ಯಾಂಡಿನ ತನಕವೂ ಯಾರೂ ಬಿಡಲು ಬಂದಿರಲಿಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ದೊಮ್ಮಲೂರಿನ ತನಕ ಗಾಡಿಗಳು ನಿಂತವು. ಟ್ರಾಫಿಕ್ ಪೊಲೀಸ್ ಓಡಿಬಂದು, ಮೆರವಣಿಗೆ ಸರಿ, ದೇವರು ಎಲ್ಲಿದೆ ಎಂದು ಕೇಳಿದ.

"ದೇವರು ಈಜಿಪ್ಟಲ್ಲೈತೆ ಸಾರ್" ಎಂದರು ಮುನಿಆಂಜನಪ್ಪ.

ಆತ ಒಂದು ಕ್ಷಣ ಅವರ ಮುಖ ನೋಡಿ, ಸೀಟಿ ಊದಿ ದಾರಿ ಬಿಡಿಸಿದ. ನಿಲ್ದಾಣದ ಬಾಗಿಲ ಹತ್ತಿರ ಟಿಕೆಟ್ಟು ಕೊಡಲು ಕಾದಿದ್ದ ಜಹನಾರಾ, ಹಜ್‌ಗೆ ಹೋಗುವವರಿಗೂ ಇಷ್ಟು ಜನ ಬರುವುದಿಲ್ಲ ಅಂಕಲ್ ಎಂದು ಬೆರಗಾದಳು.

ಒಳಗೆ ಬಿಡುವುದು ಪ್ರಯಾಣಿಕರನ್ನು, ಜೊತೆಗೆ ಪಾಸು ಕೊಂಡವರನ್ನು ಮಾತ್ರ. ಪಾಸು ನನಗೆ ಕೊಡಿಸಿದರು, ಯಾಕೆಂದರೆ ಒಳಗೆ ಇಂಗ್ಲಿಷ್ ಇರುತ್ತದೆ. ಅಕ್ಕಯಮ್ಮನವರು ಹೊರಗಿನ ಗಾಜಿಗೆ ಹಣೆ ಒತ್ತಿ ನಿಂತರು. ಸೂಟ್‌ಕೇಸು ಯಂತ್ರದೊಳಗೆ ಹೋಯಿತು. ಟೀವಿಯಂಥ ಪರದೆಯ ಮೇಲೆ ಸಾಲಾಗಿ ಗುಂಡು ಗುಂಡಾದ ವಸ್ತುಗಳು, ಪ್ರತಿಯೊಂದರ ತಲೆಯ ಮೇಲೆ ಒಂದು ಬತ್ತಿ ಕಾಣಿಸಿದವು. ಪರದೆ ನೋಡುತ್ತಿದ್ದ ಕಾವಲಿನವನು ಮೆಲ್ಲಗೆ ಎದ್ದು ನಿಂತ. ಪೆಟ್ಟಿಗೆ ಸಾಗಿಸುವ ಪಟ್ಟಿ ನಿಂತಿತು. ಸಾಲಿನಲ್ಲಿ ನಮ್ಮ ಹಿಂದಿದ್ದವರು, ಯಾರೂ ಹೇಳದೆಯೇ, ಗೋಡೆಯ ತನಕ ಹಿಂದೆ ಸರಿದರು.

ಅವನು ಹಿಂದಿಯಲ್ಲಿ ಇದೇನು ಎಂದು ಕೇಳಿದ. ತಂಬಿಟ್ಟಿಗೆ ಹಿಂದಿಯಲ್ಲಿ ಏನೆನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ, ಇಂಗ್ಲಿಷಿನಲ್ಲಂತೂ ಅದಕ್ಕೆ ಹೆಸರೇ ಇಲ್ಲ. ಹಿಟ್ಟಿನ ಉಂಡೆ, ಬೆಂಕಿ ಹಚ್ಚುವುದಕ್ಕೆ ಒಯ್ಯುತ್ತಿದ್ದೇವೆ ಎಂದು ಹೇಳಿಬಿಟ್ಟೆ. ಎಲ್ಲಿ ಹಚ್ಚುತ್ತೀರಿ ಎಂದ. ಈಜಿಪ್ಟಿನ ದೇವಸ್ಥಾನಗಳಲ್ಲಿ, ಒಂದೊಂದಕ್ಕೆ ಒಂದೊಂದು ಎಂದೆ. ಒಂದು ಮಾತೂ ಸುಳ್ಳಲ್ಲ. ಅಷ್ಟರಲ್ಲಿ ನಾಲ್ಕು ಕಡೆಯಿಂದ ಬಂದೂಕಿನವರು ಬಂದರು.

ದೇವರ ದಯೆಯಿಂದ ಅಲ್ಲಿದ್ದ ದೊಡ್ಡ ಅಧಿಕಾರಿ ಅಮೃತಪ್ಪ ಎನ್ನುವವರು ಕನ್ನಡದವರು. ಬಂದು ಒಂದು ಉಂಡೆಯನ್ನು ಮೂಸಿ ನೋಡಿದ್ದೇ ಅವರ ಮುಖ ಸಡಿಲವಾಯಿತು. "ನಮ್ಮದು ಹೊಸಕೋಟೆ ಕಡೆ. ತಂಬಿಟ್ಟು ನನಗ್ ಗೊತ್ತಿಲ್ವ? ಆದ್ರೆ ಅಲಾರಂ ಒತ್ತಿಬಿಟ್ಟಿದಾರೆ, ಮೇಲಿನೋರಿಗೆ ನಾನು ಉತ್ತರ ಕೊಡ್ಬೇಕು. ನೀವೇ ಒಂದು ಚೂರು ತಿಂದು ತೋರಿಸ್ಬಿಡಿ ಯಜಮಾನ್ರೆ, ಮುಗೀತು."

ಮುನಿಆಂಜನಪ್ಪನವರು ಕೈ ಮುಗಿದರು. "ಅದೊಂದ್ ಆಗಲ್ಲ ಸಾರ್. ಇನ್ನೂ ದೇವರಿಗೆ ಎಡೆ ಆಗಿಲ್ಲ."

ಅಮೃತಪ್ಪನವರು ಉಂಡೆಯನ್ನು ಮೆಲ್ಲಗೆ ಸೂಟ್‌ಕೇಸಿಗೆ ವಾಪಸ್ಸಿಟ್ಟರು. ದೇವರಿಗೆ ತೋರಿಸದ ತಂಬಿಟ್ಟು ತಿನ್ನಿ ಎಂದು ಹೇಳಿದ್ದು ತಮ್ಮ ಅಮ್ಮನಿಗೆ ಗೊತ್ತಾದರೆ ಮನೆಗೆ ಸೇರಿಸುವುದಿಲ್ಲ ಎಂದರು. ಹಾಗಾದರೆ ಕಸಕ್ಕೆ ಹಾಕಿ ಹೋಗಿ ಎಂದರು. ನಾನು ಗಾಜಿನ ಹತ್ತಿರ ಓಡಿ ಅಕ್ಕಯಮ್ಮನವರಿಗೆ ಸನ್ನೆಯಲ್ಲಿ ತಿಳಿಸಿದೆ. ಅವರು ಸನ್ನೆಯಲ್ಲೇ ಕೊಟ್ಟ ಉತ್ತರವನ್ನು ನಾನು ಅಮೃತಪ್ಪನವರಿಗೆ ತಲುಪಿಸಲಿಲ್ಲ. ವಿಮಾನಕ್ಕೆ ಹತ್ತಬೇಕೆಂದು ಮೈಕಿನಲ್ಲಿ ಕೂಗುತ್ತಿದ್ದರು. ಮುನಿಆಂಜನಪ್ಪನವರ ಹಾರದ ಹೂವು ಒಂದೊಂದಾಗಿ ಉದುರುತ್ತಿತ್ತು. ಆಂಜನಮ್ಮನವರು ಕನ್ನಡಕ ಕಟ್ಟಿದ್ದ ಸೆರಗಿನ ಗಂಟನ್ನು ಹಿಡಿದು ನಿಂತಿದ್ದರು. ಹೊರಗೆ ಊರು, ಒಳಗೆ ಸರ್ಕಾರ, ನಡುವೆ ಅವರ ಆ ಬಿಳಿಯ ಹಡಗು ಹೊರಟೇಹೋಗುತ್ತದೆ ಎಂದು ನಾನು ಆಸೆ ಬಿಟ್ಟೆ.

ಆಗ ಮೂಸಿ ನೋಡುವ ನಾಯಿಯನ್ನು ಕರೆಸಿದರು. ಕಪ್ಪಗೆ, ಎತ್ತರವಾಗಿ, ಕಿವಿ ನೆಟ್ಟಗಿದ್ದ ನಾಯಿ. ಹೆಸರು ಟೈಗರ್. ಹೆದರಬೇಡಿ, ಇದಕ್ಕೆ ಬಹಳ ದೊಡ್ಡ ಟ್ರೈನಿಂಗ್ ಆಗಿದೆ, ಹೊರಗಿನವರ ಕೈಯಿಂದ ಒಂದು ಅಗುಳೂ ಮುಟ್ಟುವುದಿಲ್ಲ ಎಂದು ಅಮೃತಪ್ಪನವರು ಹೆಮ್ಮೆಯಿಂದ ಹೇಳುತ್ತಿದ್ದರು. ಆಂಜನಮ್ಮನವರು ನಾಯಿಯನ್ನು ನೋಡಿದರು. ಗಾಜಿನ ಆಚೆ ಇದ್ದ ಅಕ್ಕಯಮ್ಮನವರನ್ನು ನೋಡಿದರು. ಆಮೇಲೆ ಅವಸರವಿಲ್ಲದೆ ಒಂದು ತಂಬಿಟ್ಟಿನ ಫಾಯಿಲು ಬಿಚ್ಚಿ, ಬತ್ತಿ ಕಿತ್ತು, ಸೆರಗು ಹೊದ್ದು, ಗಾಜಿಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಹಿಡಿದು ನಾಯಿಯ ಮುಂದೆ ಬಾಗಿದರು. ಇದನ್ನು ನೋಡಿದವನು ನಾನೊಬ್ಬನೇ.

ಅಮೃತಪ್ಪನವರ ಮಾತು ಮುಗಿಯುವಷ್ಟರಲ್ಲಿ ತಂಬಿಟ್ಟು ಅರ್ಧವಾಗಿತ್ತು. ಹಗ್ಗ ಹಿಡಿದವನು ಎಷ್ಟು ಎಳೆದರೂ ಟೈಗರ್ ಜಗ್ಗಲಿಲ್ಲ. ಬಡಪಾಯಿಗೆ ಬೆಲ್ಲದ ವಿಷಯದಲ್ಲಿ ಟ್ರೈನಿಂಗ್ ಕೊಟ್ಟಿರಲಿಲ್ಲವೆಂದು ಕಾಣುತ್ತದೆ.

"ಅಕ್ಕಾ," ಎಂದು ಆಂಜನಮ್ಮ ಗಾಜಿನ ಕಡೆ ತಿರುಗಿ ಕೂಗಿದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ದೇವರೇ ಬಂದು ತಗೊಂಡ."

ಅಕ್ಕಯಮ್ಮ ನೋಡಿದರು. ಕರಿಯ ಮೈ, ನೆಟ್ಟಗಿನ ಕಿವಿ, ಉದ್ದ ಮೂತಿ, ಪುಸ್ತಕದಲ್ಲಿದ್ದ ಹಾಗೆಯೇ. ಅವರು ಅಲ್ಲೇ ಮಂಡಿಯೂರಿದರು. ಅವರ ಹಿಂದೆ ಊರೂ ಮಂಡಿಯೂರಿತು. ಹೊರಗೆ ತಮಟೆ ಭೋರೆಂದಿತು. ಹಸಿದ ಭೈರವ ಸಮುದ್ರ ದಾಟಿ, ಕಾಯಲಾರದೆ, ತಾನೇ ಬಂದು ಮೊದಲ ಆರತಿ ಒಪ್ಪಿಸಿಕೊಂಡ ಮೇಲೆ ಉಳಿದದ್ದೆಲ್ಲ ಪ್ರಸಾದವಲ್ಲದೆ ಇನ್ನೇನು? ಅಮೃತಪ್ಪನವರು ಮೊದಲು ಕಣ್ಣಿಗೊತ್ತಿಕೊಂಡು ತಿಂದರು. ಬಂದೂಕಿನವರು ತಿಂದರು, ಗೋಡೆಗೆ ಒತ್ತಿಕೊಂಡಿದ್ದ ಪ್ರಯಾಣಿಕರು ತಿಂದರು, ಮೈಕಿನಲ್ಲಿ ಕೂಗುತ್ತಿದ್ದ ಹುಡುಗಿಗೂ ಒಂದು ಚೂರು ಹೋಯಿತು. ಅವಳ ಬಾಯಿ ತುಂಬಿದ್ದರಿಂದ ವಿಮಾನವೂ ಸ್ವಲ್ಪ ತಡವಾಯಿತು. ಸೂಟ್‌ಕೇಸುಗಳು ಖಾಲಿಯಾದವು. ಆಂಜನಮ್ಮನವರು ಸೆರಗಿನ ಗಂಟು ಬಿಚ್ಚಿ, ಕಪ್ಪು ಕನ್ನಡಕ ಹಾಕಿಕೊಂಡು, ಕೈ ಬೀಸಿಕೊಂಡು ವಿಮಾನಕ್ಕೆ ನಡೆದರು. ಹಿಂದೆ ಎರಡು ಖಾಲಿ ಪೆಟ್ಟಿಗೆ ಹಿಡಿದು ಮುನಿಆಂಜನಪ್ಪನವರು ಓಡಿದರು.

ಅವರು ತಿರುಗಿ ಬಂದ ದಿನ ಊರಮ್ಮನ ಗುಡಿಯ ಮುಂದೆ ಶಾಮಿಯಾನ ಹಾಕಿ ಊಟ ಇಟ್ಟಿದ್ದರು. ಮುನಿಆಂಜನಪ್ಪನವರು ಬಿಸಿಲಿಗೆ ಸುಟ್ಟು ಇದ್ದಿಲಾಗಿದ್ದರು. ಯಾವ ದೇವಸ್ಥಾನದಲ್ಲಿ ಎಷ್ಟು ಕಂಬ, ಕಂಬದ ಸುತ್ತ ಎಷ್ಟು ಜನ ಕೈ ಹಿಡಿದು ನಿಲ್ಲಬೇಕು ಎಂದು ಶ್ರೀನಾಥನನ್ನು ಮೂಲೆಗೆ ನಿಲ್ಲಿಸಿಕೊಂಡು ಹೇಳುತ್ತಿದ್ದರು. ಹೇಳುವಾಗ ಎರಡು ಸಲ ಅವನ ಭುಜ ತಟ್ಟಿದರು. ನನಗೆ ಗಿಡುಗನ ಮುಖದ ಕೀಚೈನು ಸಿಕ್ಕಿತು. ಈಗ ನನ್ನ ಹತ್ತಿರ ಎರಡು ಕೀಚೈನು, ಅದೇ ಒಂದು ಕೀಲಿಕೈ.

ಅಕ್ಕಯಮ್ಮ ನಡುವೆ ಕೂತಿದ್ದರು, ಸುತ್ತ ಊರಿನ ಹೆಂಗಸರು, ಅವರ ಮಧ್ಯೆ ಭೀಮಬಾಯಿ. ಆಂಜನಮ್ಮನವರನ್ನು ಎದುರಿಗೆ ಕೂರಿಸಿಕೊಂಡು ಅಕ್ಕಯಮ್ಮ ಕೇಳಿದರು.

"ದರ್ಶನ ಹೆಂಗಾಯ್ತು?"

"ನಾನು ಹಡಗಿಂದ ಇಳೀಲೇ ಇಲ್ಲ ಅಕ್ಕ."

ಊಟ ಬಡಿಸುತ್ತಿದ್ದವರ ಕೈ ನಿಂತಿತು. ಮುನಿಆಂಜನಪ್ಪನವರ ಸುಟ್ಟ ಮುಖವೂ ಬಿಳಿಚಿಕೊಂಡಿತು. ಈ ಒಂದು ವಿಷಯ ಮಾತ್ರ ಹೇಳಬೇಡ ಎಂದು ಅವರು ದಾರಿಯುದ್ದಕ್ಕೂ ಬೇಡಿಕೊಂಡಿದ್ದರಂತೆ.

"ಅಷ್ಟು ದೂರ ಹೋಗಿ, ಇಳೀದೆ ಏನ್ ಮಾಡ್ದೆ?"

"ಕೂತಿದ್ದೆ. ಮೇಲ್ಗಡೆ ಬೆತ್ತದ ಕುರ್ಚಿ ಹಾಕಿದ್ರು. ನೀರು ನೋಡ್ತಾ ಕೂತಿದ್ದೆ. ಕಾಫಿ ತಂದ್ಕೊಡ್ತಿದ್ರು."

ಅಕ್ಕಯಮ್ಮನವರ ಹುಬ್ಬು ಮೇಲೇರಿತು. "ಕೂತ ಜಾಗಕ್ಕೇನಾ?"

"ಕೂತ ಜಾಗಕ್ಕೇ."

"ಕುಡಿದಾದ್ಮೇಲೆ ಲೋಟ?"

"ಅವರೇ ಬಂದು ತಗೊಂಡೋಗ್ತಿದ್ರು."

"ತೊಳಿಯೋದು?"

"ಅವರೇ ಅಕ್ಕ."

ಅಕ್ಕಯಮ್ಮ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಅಗಲಿಸಿ, ಬಹಳ ಹೊತ್ತು ನೋಡಿಕೊಂಡರು. ತವರಿಗೆ ಬಂದಂದಿನಿಂದ ಹಳೇ ಮನೆಯಲ್ಲಿ ಒಲೆ ಹಚ್ಚಿದ್ದು ಆ ಕೈಗಳೇ. ಬೈಗುಳ ಈಗ ಬಂತು, ಇನ್ನೊಂದು ಕ್ಷಣಕ್ಕೆ ಬಂತು ಎಂದು ಮುನಿಆಂಜನಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು.

"ಇನ್ನೊಂದ್ಸಲ ಹೇಳು ಆಂಜನಿ," ಎಂದರು ಅಕ್ಕಯಮ್ಮ. "ಕುರ್ಚಿಯಿಂದ ಶುರು ಮಾಡು."

ಎರಡು ದಿನದ ನಂತರ, ಒಂದು ಬೆಳಿಗ್ಗೆ, ಕೋಡಿಹಳ್ಳಿ ವಿಚಿತ್ರವಾಗಿ ಸದ್ದಿಲ್ಲದೆ ಇತ್ತು. ಶಿವಾಜಿನಗರದಿಂದ ಜಹನಾರಾ ಮುನಿಆಂಜನಪ್ಪನವರಿಗೆ ಫೋನ್ ಮಾಡಿದಳು. ನಿಮ್ಮೂರಿನ ಹೆಂಗಸರೆಲ್ಲ ಬಂದು ಅಂಗಡಿಯಲ್ಲಿ ಕೂತಿದ್ದಾರೆ, ಮುಂದೆ ಒಬ್ಬರು ಅಜ್ಜಿ ಇದ್ದಾರೆ, ನಿಮ್ಮ ಮನೆಯ ಆಂಟಿಯೂ ಇದ್ದಾರೆ, ಮಹಡಿಯ ಮನೆಯ ಆಂಟಿಯೂ ಇದ್ದಾರೆ ಎಂದಳು. "ನದಿ ಬೇಕಂತೆ, ಹಡಗು ಬೇಕಂತೆ ಅಂಕಲ್. ದೇವಸ್ಥಾನ ಮಾತ್ರ ಬೇಡ್ವಂತೆ. ಇಳಿಯೋ ತಾಪತ್ರಯ ಯಾಕೆ ಅಂತಾ ಇದಾರೆ."

ಮುನಿಆಂಜನಪ್ಪನವರು ಫೋನ್ ಇಟ್ಟು ಅಡುಗೆಮನೆಗೆ ಹೋದರು. ಡಬ್ಬಗಳು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಮೆಟ್ಟಿಲ ಕೆಳಗಿನಿಂದ ಕೂಗು ಬಂತು. ನಾನು ಇಳಿದು ಹೋದೆ. ಅವರ ಕೈಯಲ್ಲಿ ಒಂದು ಕಾಫಿ ಪುಡಿಯ ಪೊಟ್ಟಣವಿತ್ತು.

"ಹಂಪಣ್ಣೋರೆ, ಇದ್ರ ಮೇಲೆ ಏನ್ ಬರ್ದಿದೆ ನೋಡ್ರಿ."

ಕಾಫಿ ಮಾಡುವ ಕ್ರಮ ಬರೆದಿತ್ತು. ಓದಿ ಹೇಳಿದೆ. ಅವರು ಮಾಡಿದರು, ನಾವಿಬ್ಬರೂ ಕುಡಿದೆವು. ಲೋಟಗಳನ್ನು ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದೆವು. ಪೊಟ್ಟಣವನ್ನು ತಿರುಗಿಸಿ ಹಿಂದುಗಡೆಯನ್ನೂ ನಾನು ಪೂರ್ತಿ ಓದಿದೆ. ಲೋಟ ಯಾರು ತೊಳೆಯಬೇಕು ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ.